ಅಂಗೈಯಗಲದ ಕಿಟಕಿ

ಸೆರ್‌ನಾಂಗ್ ನೋಡಲೆಂದೇ ಹೋದವಳು ನಾನು.
ಕೈಯಲ್ಲಿ ಪಟ್ಟಿಯಿತ್ತು: ಬಿಳಿ ಸ್ತೂಪ, ಉಪ್ಪುಕೆರೆ,
ಹದ್ದುಗಳು ಸುತ್ತುವ ಕಣಿವೆ, ಹಳದಿ ಮಾಡಿನ ಮಠ.
ಬಸ್ಸಿಳಿದು ಹತ್ತು ಹೆಜ್ಜೆ ಇಟ್ಟೆನೋ ಇಲ್ಲವೋ,
ಗಾಳಿ ನನ್ನೆದೆಯೊಳಗೆ ಬರಲು ಒಲ್ಲೆನೆಂದಿತು.
ಕಡಲಮಟ್ಟದ ರಕ್ತ, ಪಾಪ, ಏನು ಮಾಡೀತು?
ತಲೆಯೊಳಗೆ ಯಾರೋ ಒನಕೆ ಹಿಡಿದು ನಿಂತರು.

ಲುಮೊ ಕ್ಯಿ ಒಲೆಯ ಪಕ್ಕ ಹಾಸಿ ಮಲಗಿಸಿದಳು,
ಮೇಲೆ ಕಂಬಳಿ, ಅದರ ಮೇಲೆ ಗಂಡನ ತೊಗಲಂಗಿ.
ಉಪ್ಪು ಬೆಣ್ಣೆ ಬಿದ್ದ ಚಹಾ; ಎರಡು ಗುಟುಕು ಕುಡಿದರೆ
ಮೂರು ಗುಟುಕು ತುಂಬಿಸುವಳು.
ಬಟ್ಟಲಿಗೆ ತಳವೇ ಇರಲಿಲ್ಲ ಆ ಮನೆಯಲ್ಲಿ.

ತಲೆ ಎತ್ತಿದರೆ ಕಿಟಕಿ, ಅಂಗೈಯಗಲ.
ಆಚೆಗೊಂದು ಮಣ್ಣುಗೋಡೆ.
ಮೂರು ದಿನ ಅಷ್ಟೇ ನನ್ನ ಟಿಬೆಟ್.

ಗೋಡೆ ತುಂಬ ಬೆರಣಿ.
ಒಂದೊಂದರಲ್ಲೂ ಐದು ಬೆರಳು ಮೂಡಿದ್ದವು.
ನಡುವಿನವು ಲುಮೊಳವು: ಉಂಗುರಬೆರಳು ಅರ್ಧಕ್ಕೇ ನಿಲ್ಲುತ್ತದೆ,
ಹುಲ್ಲು ಕೊಯ್ಯುವಾಗ ಹೋದದ್ದಂತೆ.
ಕೆಳಗಿನ ಸೊಟ್ಟಪಟ್ಟವು ಮಗಳು ದುಗ್ಮೊಳವು.
ಸೂರಿನಡಿಯ ಸಾಲಿನಲ್ಲಿ ಏಳು, ದೊಡ್ಡ ಕೈ,
ಬೂದಿಬಣ್ಣಕ್ಕೆ ತಿರುಗಿದವು.
ದಿನವೂ ಗೋಡೆ ಕೆಳಗಿನಿಂದ ಬರಿದಾಗುತ್ತ ಬರುತ್ತಿತ್ತು,
ಆ ಸಾಲನ್ನು ಯಾರೂ ಮುಟ್ಟುತ್ತಿರಲಿಲ್ಲ.
ಯಾರದೆಂದು ಕೇಳಿದೆ. ದುಗ್ಮೊ
ಗೂಡಿನಲ್ಲಿದ್ದ ಫೋಟೋ ತೋರಿಸಿದಳು;
ಮುಂದೆ ಏಳು ಬಟ್ಟಲು ನೀರು.

ಎರಡನೆಯ ದಿನ ನನ್ನ ಫೋನು ಅವಳ ಕೈಗಿತ್ತೆ,
ನನ್ನ ಪರವಾಗಿ ನೋಡಿ ಬಾ ಎಂದು.
ಶಾಲೆಯ ಚೀನೀ ಮಾತು ನಮ್ಮಿಬ್ಬರ ನಡುವೆ ಕುಂಟುತ್ತಿತ್ತು,
ಆದರೂ ಕುದುರೆಯಂತೆ ಓಡಿದಳು.
ಸಂಜೆ ಹಾಸಿಗೆಯ ಮೇಲೆ ಊರು ಬಂತು:
ಗೆಳತಿಯ ಹರಿದ ಬೂಟು.
ಪೆಟ್ರೋಲ್ ಬಂಕಿನಲ್ಲಿ ಮಲಗಿದ ನಾಯಿ.
ಸಲೂನಿನ ಕನ್ನಡಿಯಲ್ಲಿ ತನ್ನದೇ ಹಲ್ಲು.
ಮೋಟರ್‌ಸೈಕಲ್ಲಿನ ಹಿಂದೆ ಕಟ್ಟಿದ ಕುರಿಮರಿ,
ಯಾರೋ ಅತ್ತೆಯನ್ನು ನೋಡಹೊರಟಂತೆ ಗಂಭೀರ.
ಆಮೇಲೆ ಬರೀ ಒಂದು ಮೂಗಿನ ಹೊಳ್ಳೆ,
ಅದರೊಳಗಿನ ಒದ್ದೆ ಕತ್ತಲೆ.

"ಯಾಕ್?" ಅಂದೆ, ಸುಸ್ತಿನಲ್ಲಿ, ನನ್ನ ಭಾಷೆಯಲ್ಲೇ.
"ಯಾಕ್!" ಅಂದಳು ಅವಳೂ,
ನನಗೆ ಗೊತ್ತಾಯಿತೆಂದು ಖುಷಿಯಾಗಿ.

ಬೆಟ್ಟವೆಲ್ಲಿ? ಕೆರೆಯೆಲ್ಲಿ? ಒಂದೂ ಇಲ್ಲವಲ್ಲ.
ಹುಡುಗಿ ನನ್ನನ್ನು ದಡ್ಡಿಯೆಂಬಂತೆ ನೋಡಿತು:
ಬೆಟ್ಟ ನಾಳೆಯೂ ಇರುತ್ತದೆ,
ಮರಿ ನಾಳೆಗೆ ಇಷ್ಟು ಚಿಕ್ಕದಿರುವುದಿಲ್ಲ.

ಮೂರನೆಯ ರಾತ್ರಿ ಹಿಮ. ಓರೆಗಾಳಿಗೆ
ಗೋಡೆಯ ಬೆರಣಿಯೆಲ್ಲ ತೊಯ್ದು
ಒಲೆ ಹೊಗೆ ಕಾರಿ ಸುಮ್ಮನಾಯಿತು.
ನನ್ನ ಹಲ್ಲು ಕಟಕಟ ಎನ್ನುತ್ತಿತ್ತು,
ಎಷ್ಟು ಅಮುಕಿ ಹಿಡಿದರೂ ಕೇಳಿಸುವಷ್ಟು.
ಲುಮೊ ಬಾಗಿಲು ತೆಗೆದು ಹೊರಗೆ ಹೋದಳು.
ಕಿಟಕಿಯಲ್ಲಿ ಕಂಡಿತು: ಟಾರ್ಚಿನ ಬೆಳಕು,
ಸ್ಟೂಲು, ತುದಿಗಾಲು,
ಸೂರಿನಡಿಗೆ ಚಾಚಿದ ಅರ್ಧಬೆರಳಿನ ಕೈ.

ಒಳಬಂದು ಅದನ್ನು ಎದೆಗೊಮ್ಮೆ ಒತ್ತಿ
ಮಂಡಿಗೆ ಬಡಿದು ಎರಡು ಮಾಡಿದಳು.
ನಾನು ಬೇಡವೆನ್ನಬೇಕಿತ್ತು.
ಬೆಚ್ಚಗಾಗತೊಡಗಿತ್ತು, ಅನ್ನಲಿಲ್ಲ.

ಬೆಳಿಗ್ಗೆ ಗೋಡೆಯಲ್ಲಿ, ಆರರ ಪಕ್ಕದ ಗುಂಡನೆ ಖಾಲಿಯಲ್ಲಿ
ದುಗ್ಮೊ ಹಸಿಯದೊಂದು ಬಡಿಯುತ್ತಿದ್ದಳು,
ಅಮ್ಮ ಸ್ಟೂಲು ಹಿಡಿದುಕೊಂಡು ಬೈಯುತ್ತಿದ್ದಳು.
ಬೀಳ್ಕೊಡಲು ಕೈ ಬೀಸಿದಳು ಹುಡುಗಿ,
ಮೊಣಕೈವರೆಗೂ ಸಗಣಿ.

ಮೊದಲ ತಿರುವಿನಲ್ಲಿ ಬಸ್ಸು ಹೊರಳಿದಾಗ
ಬೆಟ್ಟ ಎದ್ದು ನಿಂತಿತು, ಪೂರ್ತಿ, ಬಿಸಿಲಲ್ಲಿ.
ದೊಡ್ಡದೇ ಇತ್ತು.
ನಾನು ಅಂಗಿಯ ತೋಳು ಮೂಸುತ್ತಿದ್ದೆ.