ಹಾಸು ಹೊಕ್ಕು

ಕಂಪ್ಯೂಟರಿನಾಗ ನಮ್ಮೂರು ಮೂರು ಆಗಿತ್ತು:
ಬೆಟಗೇರಿ, ಬೆಟಿಗೇರಿ, ಬೆಟ್ಗೇರಿ ಹೊಸಾದು.
ಮೂರರೊಳಗೂ ಅದೇ ಕಲ್ಯಾಣಮಂಟಪ,
ಅದೇ ಕೆಂಪು ಪರದೆ,
ಗಾಳ್ಯಾಗ ನಿಂತ ಅಕ್ಕಿಕಾಳು.

ಗೈಬುಸಾಬರು ಮನಿತನದ ಮ್ಯಾಲೆ ಇಡತಿದ್ದರು:
‘ಹೊಂಬಳದವರು, ಸಣ್ಣ ಮಗಳು’,
‘ಬಾಕಿ ಕೊಡಬೇಕಾದವರು’.
ಅವರ ಅಳಿಯ ಮಕ್ತುಮ ಹೊಸ ಪ್ರೋಗ್ರಾಂ ಹಾಕಿದ.
‘ಎಲ್ಲಾ ಜೋಡಿಸಲೇ?’ ಅಂತು. ಹೂಂ ಅಂದ.
ರಾತ್ರೋರಾತ್ರಿ ಹನ್ನೊಂದು ವರ್ಷದ ಲಗ್ನ
ಮನಿ ಬಿಟ್ಟು ತಾರೀಖಿಗೆ ಹೋದ್ವು.
ಸೆಲ್ಲು ಸತ್ತ ಕ್ಯಾಮೆರಾದಾಗಿನವು ಮಾತ್ರ
ಎರಡು ಸಾವಿರದ ಇಸ್ವಿ ಜನವರಿ ಒಂದಕ್ಕ ಹೋಗಿ ಕುಂತ್ವು,
ಒಂದೇ ಮುಹೂರ್ತಕ್ಕ ನಲವತ್ತೇಳು ಜೋಡಿ.

ನಾನು ಮಗ್ಗದ ಮನಿಯಾಕಿ.
ಎಳಿ ಹರದ್ರ ಅವ್ವ ಕಣ್ಣಿಗಿಂತ ಮೊದಲ ಬೆರಳು ಇಡತಾಳ.
ಕ್ಯಾಲೆಂಡರಿನ ಹಿಂದ ಬರದು ಗ್ವಾಡಿಗೆ ಹಚ್ಚಿದೆ:
ವರ್ಷ ಮೊದಲು, ತಿಂಗಳು, ದಿನ, ಆಮ್ಯಾಲೆ ಮನಿತನ.
ಒಂದರ ಎಡಕ್ಕ ಸೊನ್ನಿ ಇರಲಿ,
ಇಲ್ಲಂದ್ರ ಹತ್ತು ಬಂದು ಎರಡರ ಮುಂದ ನಿಂದರತೈತಿ.
ಊರು ಒಂದ. ಕಾಗುಣಿತ ಒಂದ.
ತಾರೀಖು ಹಾಸು, ಹೆಸರು ಹೊಕ್ಕು;
ಯಾವ ಪ್ರೋಗ್ರಾಂ ತಗದ್ರೂ ಅರಿವಿ ಅದ ಬರಬೇಕು.

ನಲವತ್ತೇಳನ್ನ ಒಂದೊಂದ ಬಿಡಿಸಾಕ ಕುಂತೆ.
ಎಲಿ ತುದಿಗೆ ಮಾವಿನಕಾಯಿ ಇದ್ರ ಯುಗಾದಿ ದಾಟೇತಿ.
ಬೀಗರ ಕೈಯಾಗಿನ ಮೊಬೈಲಿಗೆ ಗುಂಡಿ ಇದ್ರ
ಇನ್ನೂ ಹಿಂದ ಹೋಗಬೇಕು.

ಅಷ್ಟೊತ್ತಿಗೆ ಅಂಬುಬಾಯಿ ಕಬಾಡಿ ಬಂದಳು.
‘ತಂಗೀದು ಒಂದು ಫೋಟೋ ಬೇಕವಾ.’
ಯಾವ ಲಗ್ನದಾಗಿಂದು?
‘ಆಕಿದು ಆಗಲೇ ಇಲ್ಲ.’

ಮಾರಿ ಗುರುತಿಡಿಯೋ ಪ್ರೋಗ್ರಾಂ ತಗದೆ.
ಅಕ್ಕನ್ನ ತೋರಿಸಿ, ತಂಗೀನ ತೋರಿಸಿ
‘ಇವರು ಒಬ್ಬರೇನ?’ ಅಂತ ಕೇಳತು.
ಅಲ್ಲ. ಅಲ್ಲ. ಐವತ್ತಮೂರು ಸಲ ಅಲ್ಲ.
ಒಮ್ಮೆ ಅಂಬುಬಾಯಿನ ನನ್ನ ಕೈ ಹಿಡದಳು:
‘ತಡಿಯವಾ, ಇದು ಆಕಿಯೋ, ನಾನೋ?’

ಎಲ್ಲಾರ ಲಗ್ನದ ಅಂಚಿನಾಗ ಆಕಿ ಇದ್ದಳು,
ಆರತಿ ತಟ್ಟಿ ಹಿಡಕೊಂಡು, ಅರ್ಧ ಭುಜ ಕಟ್ಟಾಗಿ.
ಆಕಿಗೆ ಬ್ಯಾರೆ ಫೋಲ್ಡರು ಮಾಡಲಿಲ್ಲ.
ಕಿತ್ತು ತಂದ್ರ ಆ ಮನಿಗಳಿಗೆ ತೂತು ಬೀಳತಿತ್ತು.
ಫೋಟೋದ ಒಡಲಾಗ ಬರದೆ: ತುಳಜಾಬಾಯಿ.
ಯಾರರ ತಗೀಲಿ, ಎಲ್ಲ್ಯರ ಸರಸಲಿ,
ಹೆಸರು ಜೋಡಿ ಬರತೈತಿ,
ಅವ್ವ ಸೆರಗಿನ ಅಂಚಿಗೆ ಗುರುತಿನ ಎಳಿ ಹಾಕಿದಂಗ.

ಹದಿನಾರು ಜೋಡಿ ಇನ್ನೂ ಆ ಜನವರಿಯೊಳಗ ಅದಾವ.
ಗೈಬುಸಾಬರು ನಿನ್ನೆ ಹೊಸ ಸೆಲ್ಲು ಹಾಕಿದರು.
ಕ್ಯಾಮೆರಾ ಕಣ್ಣು ತಗದು ಮೊದಲ ಕೇಳತು:
ಇವತ್ತು ಯಾವ ದಿನ?