ಮೂರು ಗುಲಗಂಜಿ

ದಾವಲಸಾಬನ ಗುಜರಿಯೊಳಗ ಕಿಲೋ ಲೆಕ್ಕದಾಗ ಬಿದ್ದಿದ್ದವು.
ಹಸರು ಹಲಗಿ, ಅಂಚಿಗೆ ಸಾಲಾಗಿ ಹಳದಿ ಹಲ್ಲು.
ನೋಡಿದ ಕೂಡಲೇ ಗುರುತು ಹಿಡದೆ,
ನಮ್ಮ ಎಕ್ಸ್‌ಚೇಂಜಿನ ಕಾರ್ಡು.
ಮೂಲ್ಯಾಗ ಹೆಗಡ್ಯಾಳ ಸಾಹೇಬರು
ಬಿಳಿ ಬಣ್ಣದಾಗ ಬರದ ನಂಬರ ಇನ್ನೂ ಅಳಸಿರಲಿಲ್ಲ.
"ಏನ್ ಮಾಡ್ತೀರಿ ಬಾಯಾರ ಇದನ್ನ?"
"ಕುದಸ್ತೀನಿ."
ಆತ ನಕ್ಕ.
ತೂಗೋಮುಂದ ತಕ್ಕಡಿಗೆ ಬಟ್ಟ ಇಟ್ಟದ್ದು ನಾ ನೋಡಿದೆ.
ನಾನೂ ನಕ್ಕೆ.

ನವನಗರ, ಸೆಕ್ಟರ್ ಮೂವತ್ನಾಕು, ಮಾಳಗಿ ಮ್ಯಾಲೆ
ಗಾಳಿ ಮನಿ ಕಡಿಂದ ಹೊರಗ ಬೀಸಿದ ದಿನಾ ಮಾತ್ರ
ನನ್ನ ಕುಲುಮಿ.
ಕಾಲೇಜು ಲ್ಯಾಬಿನ ಸಿದ್ಲಿಂಗ ಹುಂಡೇಕಾರ
ಬಾಟ್ಲಿ ಕೊಡೋಮುಂದ ಕಲಿಸಿದ ಪಾಠ:
"ಅಕ್ಕಾರ, ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ.
ಸೊಸಿ ಮನಿಗೆ ಬರತಾಳ,
ಮನಿ ಎದ್ದು ಸೊಸಿ ಕಡೆ ಹೋಗೂದಿಲ್ಲ,
ಹಂಗ ನೆನಪಿಡ್ರಿ."

ಮೊದಲನೇ ಆಸಿಡ್ ತಾಮ್ರ ತಿಂತೈತಿ.
ಗಾಜಿನ ಪಾತ್ರಿ ನವಿಲಿನ ಕುತ್ತಿಗಿ ಆಗತೈತಿ.
ತಾಮ್ರ ಕರಗಿದ ಮ್ಯಾಲೆ ಬಂಗಾರ ಒಬ್ಬಂಟಿ,
ಉಳ್ಳಾಗಡ್ಡಿ ಸಿಪ್ಪಿ ಹಂಗ ತೇಲತೈತಿ,
ಉಫ್ ಅಂದ್ರ ಹಾರೂವಷ್ಟು ತೆಳುವು.
ಇಷ್ಟರ ಮ್ಯಾಲೆ ನಿಂತಿತ್ತೇನು
ಊರಿನ ಮಾತೆಲ್ಲಾ?

ಹತ್ತಿ ದರ. ಇಳಕಲ್ಲಿನ ನೇಕಾರನ ಬಾಕಿ.
ಸೊಲ್ಲಾಪುರದಾಗ ಹೆರಿಗಿ,
ಗಂಡೋ ಹೆಣ್ಣೋ ಅನ್ನೂದರೊಳಗ ಕಟ್ಟಾದ ಲೈನು.
ಕಿಲ್ಲಾದಾಗಿನ ಒಬ್ಬಾಕಿ ದಿನಾ ಹನ್ನೊಂದಕ್ಕ ಹುಬ್ಬಳ್ಳಿಗೆ ಹಚ್ಚಿ
ಏನೂ ಮಾತಾಡದ ಇಟ್ಟುಬಿಡತಿದ್ದಳು.
"ನೀರು ಎಲ್ಲಿತನಕಾ ಬಂತು?"
"ಎರಡನೇ ಮೆಟ್ಟಲಕ್ಕ."
ಆ ವರ್ಷ ಎಲ್ಲಾರೂ ಅದನ್ನ ಕೇಳತಿದ್ರು.
ನಾವು ಕೇಳಬಾರದು ಅಂತ ಕಾಯ್ದೆ ಇತ್ತು.
ಮೂವತ್ತೊಂದು ವರ್ಷ ಕಿವಿಗೆ ತಂತಿ ಕಟ್ಟಿಕೊಂಡಾಕಿ,
ಕೇಳಿಲ್ಲ ಅಂತ ಸುಳ್ಳ ಹೇಳಲಾರೆ.

ಎರಡನೇದು ಆಮ್ಲರಾಜ.
ಯಾರಿಗೂ ಬಗ್ಗದ ಬಂಗಾರ ಈತನ ಮುಂದ ನೀರು.
ಎಲ್ಲೈತಿ? ಕಾಣೂದಿಲ್ಲ.
ತವರದ ನೀರು ಒಂದು ಹನಿ ಬಿಟ್ಟು ನೋಡಿದ್ರ
ನೇರಲಹಣ್ಣು ತಿಂದ ನಾಲಗಿ ಬಣ್ಣ.
ಐತಿ.

ಆಮ್ಯಾಲೆ ಬಿಳಿ ಪುಡಿ ಹಾಕಿ, ರಾತ್ರಿಯೆಲ್ಲಾ ಮುಚ್ಚಿಟ್ಟು
ಮುಂಜಾನೆ ತಳಾ ನೋಡಿದ್ರ ಕಂದು ರಾಡಿ,
ಚಾ ಸೋಸಿದ ಮ್ಯಾಲೆ ಉಳದಂಥಾದ್ದು.
ಮೊದಲನೇ ಸಲ ಕೆಟ್ಟತು ಅಂತ ಬಚ್ಚಲಕ್ಕ ಚೆಲ್ಲಿಬಿಟ್ಟಿದ್ದೆ.
ಬಂಗಾರ ಹಿಂಗೂ ಇರತೈತಿ ಅಂತ
ಅರವತ್ತೆರಡು ವರ್ಷ ಯಾರೂ ಹೇಳಿರಲಿಲ್ಲ ನನಗ.
ನಮ್ಮ ಬಚ್ಚಲ ಈಗ
ಸೆಕ್ಟರಿನ್ಯಾಗ ಎಲ್ಲಾರಕಿಂತ ಸಾವಕಾರ.

ಮೂಸಿಗೆ ಬಿಳಿಗಾರ ಹಾಕಿ ಬೆಂಕಿ ಬಿಟ್ಟೆ.
ರಾಡಿ ನಡುಗಿತು, ಒಂದಕ್ಕೊಂದು ಹತ್ತಿ ಗುಂಡಗಾತು,
ಮೀನಿನ ಕಣ್ಣಿನ್ಹಂಗ ತೆರದು ನನ್ನ ನೋಡಿತು.
ಬಾಯಿಗೆ ತಾನ ಬಂತು:
"ಮೂರು ನಿಮಿಷ ಆತು. ಮುಂದುವರಸಲೇನು?"
ಆ ಕಡಿಂದ ಯಾರೂ ಏನೂ ಅನ್ನಲಿಲ್ಲ.
ಗ್ಯಾಸು ಬಂದ್ ಮಾಡಿದೆ.

ಮಾನಪ್ಪ ಪತ್ತಾರ ಒರಿಗಲ್ಲಿಗೆ ತಿಕ್ಕಿ, ಬೆಳಕಿಗೆ ಹಿಡದು,
"ಮೂರು ಗುಲಗಂಜಿ. ಕೂದಲೆಳಿ ಕಮ್ಮಿ.
ಯಾರ ಮನೀದು ಬಾಯಾರ ಇದು?" ಅಂದ.
ಏನಂತ ಹೇಳ್ಲಿ. ಊರಂದು ಅಂದೆ.
ಅಕ್ಕಸಾಲಿ ಅಕ್ಕನ ಬಂಗಾರಾನೂ ಬಿಡೂದಿಲ್ಲಂತ;
ಕಲ್ಲಿನ ಮ್ಯಾಲಿನ ಗೆರಿ ಮೇಣಕ್ಕ ಒತ್ತಿ ತಗೊಂಡ.
ತಗೋಳ್ಳಿ. ಅದರಾಗ ಬರೇ ರಾಂಗ್ ನಂಬರ ಇರಬೇಕು.

ಖರ್ಚಿನ ಪುಸ್ತಕದಾಗ ಆಸಿಡ್ಡು, ಗ್ಯಾಸು,
ದಾವಲಸಾಬನ ಬಟ್ಟು, ತೂತು ಬಿದ್ದ ಒಂದು ಪತ್ತಲ.
"ಗುಡ್ಡ ಅಗದು ಇಲಿ ಹಿಡದಿ" ಅಂತಾಳ ತಂಗಿ.
ಇಲಿ ಹೆಂಗ ಹೊಳೀತೈತಿ ನೋಡ ಅಂತೀನಿ.

ಹಸರು ನೀರು ಮಾತ್ರ ಇನ್ನೂ ಕೊಡದಾಗ ಐತಿ.
ಬಚ್ಚಲಕ್ಕ ಸಾಕು, ಹಿನ್ನೀರಿಗಂತೂ ಚೆಲ್ಲಲಾರೆ,
ಅಲ್ಲಿ ಕೆಳಗ ನಮ್ಮ ಹಳೇ ಆಫೀಸು ಐತಿ.
ಹಳೇ ಮೊಳಿ ನಾಕು ಬಿಟ್ಟು ಕುಂತೀನಿ.
ಒಂದೊಂದಕ್ಕ ಮೆಲ್ಲಕ
ತಾಮ್ರ ಹತ್ತಾಕತ್ತೈತಿ.