ಹೋತು

ಪೋರ್ಟ್ ಟಾಲ್ಬಟ್ಟಿನ ಸಾಲುಮನೆಯೊಂದರಲ್ಲಿ ಮೂವರು ಬಾಡಿಗೆಗೆ.
ವೃದ್ಧರ ಮನೆಯಲ್ಲಿ ರಾತ್ರಿಪಾಳಿಯ ತಫಾರ,
ಆಸ್ಪತ್ರೆಯ ಲಾಂಡ್ರಿಯಲ್ಲಿ ಮಾರಿಲು,
ಅದೇ ಆಸ್ಪತ್ರೆಯ ಅಡುಗೆಮನೆಯಲ್ಲಿ ನಾನು, ಗದಗಿನವಳು.

ಫೆಬ್ರುವರಿಯ ಮಳೆ. ಸಂಜೆ ಆರೂ ಹತ್ತು.
ಟಪ್.
ಕೆಟಲ್ಲು ಕುದಿಯುವ ಮಾತನ್ನು ಅರ್ಧಕ್ಕೇ ನುಂಗಿತು,
ಫ್ರಿಜ್ಜು ಒಮ್ಮೆ ಮೈ ಅದುರಿಸಿ ಸುಮ್ಮನಾಯಿತು.
‘ಹೋತು!’ ಅಂದೆ ಕತ್ತಲಿಗೆ.
ಊರಲ್ಲಾದರೆ ಇಡೀ ಓಣಿ ಒಂದೇ ಬಾಯಲ್ಲಿ ಅನ್ನುವ ಮಾತು.
ಇಲ್ಲಿ ಕಿಟಕಿಗೆ ಬಂದು ನೋಡಿದರೆ
ಎದುರುಮನೆಯ ಟೀವಿ ನೀಲಿಯಾಗಿ ನಗುತ್ತಿದೆ,
ಬೀದಿದೀಪ ತನ್ನ ಮಳೆಯನ್ನು ತಾನೇ ಎಣಿಸುತ್ತಿದೆ.
ಹೋದದ್ದು ನಮ್ಮದೊಂದೇ.
ಒಂಟಿಮನೆಯ ಕತ್ತಲಲ್ಲಿ ಒಂದಿಷ್ಟು ನಾಚಿಕೆಯೂ ಬೆರೆತಿರುತ್ತದೆ.

ಮೆಟ್ಟಿಲ ಕೆಳಗೆ, ಒದ್ದೆ ಬೂಟುಗಳ ನಡುವೆ ಬಗ್ಗಿ
ಪೆಟ್ಟಿಗೆಯ ಸ್ವಿಚ್ಚನ್ನು ಮೇಲೆತ್ತಬೇಕು.
ಎತ್ತಿದರೆ ನಿಲ್ಲುತ್ತದೆ,
ನಿಂತಂತೆ ಮಾಡಿ, ನಾವು ಚಹಾ ಸೋಸುವ ಹೊತ್ತಿಗೆ
ಟಪ್.

ಮೊದಲ ಅನುಮಾನ ನನ್ನ ಮಿಕ್ಸರಿನ ಮೇಲೆ.
ನಾನು ಮಾರಿಲುವಿನ ಕೂದಲೊಣಗಿಸುವ ಯಂತ್ರ ತೋರಿಸಿದೆ.
ಅವಳು ತಫಾರನ ಹೀಟರು ತೋರಿಸಿದಳು.
ನಾಲ್ಕನೆಯ ದಿನ ಗೋಡೆಗೊಂದು ಚೀಟಿ:
‘ಕೆಟಲ್ ಇಟ್ಟಾಗ ಹೀಟರ್ ಬೇಡ.’
ಅದರಡಿ ಬೇರೆಯೇ ಅಕ್ಷರದಲ್ಲಿ:
‘ಮಿಕ್ಸರ್ ಯಾವಾಗಲೂ ಬೇಡ.’
ತಫಾರ ಸ್ವಿಚ್ಚು ಬೀಳದ ಹಾಗೆ ಟೇಪು ಸುತ್ತಿದ.

ತಪ್ಪಿ ಬಂದ ಪಾರ್ಸಲ್ಲು ಕೊಡಲು ಬಾಗಿಲಿಗೆ ಬಂದವನು ಕ್ಲೆಡ್ವಿನ್,
ಮೂರನೇ ಮನೆಯವ, ಉಕ್ಕಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ತಂತಿ ಎಳೆದ ಮುದುಕ.
‘ಹೋತು’ ಅಂದದ್ದು ಕೇಳಿ
‘ಹಾಟಾ? ಈ ಚಳಿಯಲ್ಲಿ ನಿನಗೆ ಸೆಕೆಯೇ?’ ಅಂದ.

ಟೇಪು ಕಂಡದ್ದೇ ನಗು ಆರಿತು.
‘ಇದನ್ನು ಕಟ್ಟಿಹಾಕಿದರೂ ಒಳಗೊಳಗೇ ಬೀಳುತ್ತದೆ.
ನಾಯಿ ಬೊಗಳಿತೆಂದು ನಾಯಿಯ ಬಾಯಿ ಕಟ್ಟುವುದೇ?
ಈ ಸಣ್ಣವು ಬಿದ್ದರೆ ಹೊರೆ ಹೆಚ್ಚಾಯಿತು ಅಂತ.
ದೊಡ್ಡದು ಬಿದ್ದರೆ ಎಲ್ಲೋ ಸೋರುತ್ತಿದೆ ಅಂತ.
ಹೋದಷ್ಟೂ ತಿರುಗಿ ಬರಬೇಕು ಇದಕ್ಕೆ,
ಚೂರು ಕಡಿಮೆಯಾದರೂ ಬಾಗಿಲು ಹಾಕುತ್ತದೆ.’
ನನಗೆ ಸೋದರತ್ತೆಯ ನೆನಪು:
ಉದ್ರಿ ಪುಸ್ತಕದಲ್ಲಿ ನಾಲ್ಕಾಣೆ ತಾಳೆಯಾಗದಿದ್ದರೆ
ಊಟಕ್ಕೆ ಏಳುತ್ತಿರಲಿಲ್ಲ ಆಕೆ.

ಸಣ್ಣವನ್ನೆಲ್ಲ ಇಳಿಸಿದ. ದೊಡ್ಡದನ್ನು ಎತ್ತಿದ. ನಿಂತಿತು.
ಆಮೇಲೆ ಒಂದೊಂದೇ, ಆತುರವಿಲ್ಲದೆ.
ಅಡುಗೆಮನೆ ನಿಂತಿತು. ನನ್ನ ಮಿಕ್ಸರು ನಿರಪರಾಧಿ.
ಮಹಡಿ ನಿಂತಿತು, ಹೀಟರು ಸಮೇತ.
ಕೊನೆಯದರ ಮುಂದೆ ಪೆನ್ಸಿಲ್ಲಿನಲ್ಲಿ ಯಾರೋ ಬರೆದಿದ್ದರು: ಹಿತ್ತಲು.
ಟಪ್.

ಹಿತ್ತಲಿಗೆ ನಾವು ಯಾರೂ ಹೋದವರಲ್ಲ.
ಅಲ್ಲೊಂದು ಗೋಡೆದೀಪ,
ಹಿಂದಿದ್ದವರು ಆರೂ ಹತ್ತಕ್ಕೆ ಗಡಿಯಾರ ಕಟ್ಟಿ ಬಿಟ್ಟುಹೋದದ್ದು.
ಮೇನ್ ಇಳಿಸಿ, ಟಾರ್ಚು ನನ್ನ ಕೈಗೆ ಕೊಟ್ಟು
ನಾಲ್ಕು ತುಕ್ಕು ಸ್ಕ್ರೂ ಬಿಚ್ಚಿದ.
ಒಳಗೆ ಅರ್ಧ ಚಮಚ ಮಳೆ,
ಒಂದು ತಂತಿಯಿಂದ ಇನ್ನೊಂದಕ್ಕೆ ಎಳೆದ ಬೆಳ್ಳಿಗೆರೆ,
ಗೆರೆಯ ತುದಿಯಲ್ಲಿ, ಬಲ್ಬಿನ ಬಿಸಿಗೆ ಬಿಡಾರ ಹೂಡಿ,
ಬಸವನಹುಳು.

ಹೆಸರು ಹೇಳಿದೆ. ‘ಬಸವ ಯಾರು?’ ಅಂದಳು ಮಾರಿಲು.
‘ಎತ್ತು,’ ಅಂದೆ. ನಂಬಲಿಲ್ಲ.
ಕ್ಲೆಡ್ವಿನ್ನನ ಅಂಗೈ ಮೇಲೆ ಅದು ಮೆಲ್ಲನೆ ಎರಡು ಕೊಂಬು ಎತ್ತಿತು.
ಇಷ್ಟಕ್ಕಾಗಿ ಮೂರು ಜನ
ಆರು ದಿನ ಬೇರೆಬೇರೆ ಊಟ ಮಾಡಿದ್ದೆವು.

ಹೊಸ ರಬ್ಬರು ಹಾಕಿದ, ದುಡ್ಡು ಮುಟ್ಟಲಿಲ್ಲ,
ಶೇಂಗಾ ಚಟ್ನಿಯ ಬಾಟಲಿ ಬೇಡವೆನ್ನಲಿಲ್ಲ.
‘ಮತ್ತೆ ಬಿದ್ದರೆ ನನ್ನನ್ನು ಕರಿ,
ಸುಟ್ಟ ವಾಸನೆ ಬಂದರೆ ಮೇನ್ ಇಳಿಸಿ ಆಮೇಲೆ ಕರಿ.’

ಮರುದಿನ ಆರೂ ಹತ್ತಕ್ಕೆ ಮೂವರೂ ಉಸಿರು ಹಿಡಿದು
ಹಿತ್ತಲ ಕಿಟಕಿಯಲ್ಲಿ.
ದೀಪ ಹತ್ತಿತು. ಮುರಿದ ಕುರ್ಚಿ, ಕಸದ ಡಬ್ಬ,
ಗೋಡೆಯುದ್ದ ಮಳೆ.
ಕೆಟಲ್ಲು ಕುದಿದು ತಾನಾಗಿ ನಿಂತಿತು.
ಬೇರೇನೂ ಆಗಲಿಲ್ಲ.
ಚೂರು ಬೇಜಾರಿನಲ್ಲೇ
‘ಹೋತು,’ ಅಂದ ತಫಾರ.